ಮೂರನೆಯ ಪ್ರನಾಳ

ನನ್ನ ಹೆಸರು ಕಾಲೇಜಿನ ಹಾಜರಿ ಪುಸ್ತಕದಲ್ಲಿರುವಂತೆ ಮೇಲೆ ದಾಖಲಾಗಿದೆ; ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಾರೆ. ವಯಸ್ಸು 52. ವೃತ್ತಿ ರಸಾಯನಶಾಸ್ತ್ರ ಅಧ್ಯಾಪಕ. ವಾಸ ಕಾಲೇಜಿನ ಹಿಂದಿನ ರಸ್ತೆಯ ಕಟ್ಟಡದ ಮೂರನೆಯ ಮಹಡಿ, ಒಬ್ಬನೇ. ನಮ್ಮ ಪ್ರಯೋಗಾಲಯದ ಉಗ್ರಾಣ ನೋಡಿಕೊಳ್ಳುವವರು ನಿನ್ನೆ ಪ್ರಜ್ಞೆ ತಪ್ಪಿ ಸಿಕ್ಕ ಬಗ್ಗೆ, ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಅವರನ್ನು ನಾವು ಸ್ಟೋರಣ್ಣ ಎನ್ನುತ್ತೇವೆ. ವಯಸ್ಸು 58. ಹತ್ತೊಂಬತ್ತು ವರ್ಷಗಳಿಂದ ನನ್ನ ಕೋಣೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಅವರ ಮನೆಗೆ ನಾನಾಗಲಿ, ನನ್ನ ಮನೆಗೆ ಅವರಾಗಲಿ ಹೋಗಿಲ್ಲ.

ನಿನ್ನೆ ಮಧ್ಯಾಹ್ನ 2.30ಕ್ಕೆ ಹ್ಯಾಲೋಆಲ್ಕೇನ್‌ಗಳ ಪ್ರಯೋಗವಿತ್ತು. ಮೂರು ಪ್ರನಾಳಗಳಲ್ಲಿ, ಅಂದರೆ ಟೆಸ್ಟ್ ಟ್ಯೂಬುಗಳಲ್ಲಿ, ಕ್ರಮವಾಗಿ ಅಯೋಡೋಬ್ಯೂಟೇನ್, ಬ್ರೋಮೋಬ್ಯೂಟೇನ್, ಕ್ಲೋರೋಬ್ಯೂಟೇನ್ ಹಾಕಿ, ಮದ್ಯಸಾರ ಮತ್ತು ಸಿಲ್ವರ್ ನೈಟ್ರೇಟ್ ದ್ರಾವಣ ಸೇರಿಸಿ, 60 ಡಿಗ್ರಿ ನೀರಿನಲ್ಲಿ ನಿಲ್ಲಿಸಿ, ಯಾವುದು ಎಷ್ಟು ಹೊತ್ತಿಗೆ ಕದಡುತ್ತದೆಂದು ಗಡಿಯಾರ ನೋಡಿ ಬರೆಯುವುದು. ಮೊದಲನೆಯದು ಒಂದು ನಿಮಿಷದೊಳಗೆ ಹಳದಿಯಾಯಿತು. ಎರಡನೆಯದು ಎಂಟು ನಿಮಿಷಕ್ಕೆ ಕೆನೆಬಣ್ಣಕ್ಕೆ ತಿರುಗಿತು. ಮೂರನೆಯದು ತಿಳಿಯಾಗಿಯೇ ಇತ್ತು.

ಇದು ಏಕೆ ಹೀಗೆ ಎಂದು ತನಿಖಾಧಿಕಾರಿಗಳು ಕೇಳಿದ್ದರಿಂದ ಹೇಳುತ್ತೇನೆ. ಅಯೋಡಿನ್ ಇರುವ ಅಣುಗಳು ಒಂದನ್ನೊಂದು ಬಲವಾಗಿ ಸೆಳೆದುಕೊಂಡಿರುತ್ತವೆ, ಆದ್ದರಿಂದ ಬೇಗ ಕುದಿಯುವುದಿಲ್ಲ. ಆದರೆ ಅಣುವಿನೊಳಗಿನ ಅಯೋಡಿನ್ ಬಂಧ ಸುಲಭವಾಗಿ ಮುರಿಯುತ್ತದೆ. ಕ್ಲೋರಿನ್ ಇರುವವುಗಳಲ್ಲಿ ಪರಸ್ಪರ ಸೆಳೆತ ಕಡಿಮೆ, ಒಳಗಿನ ಬಂಧ ಮಾತ್ರ ಗಟ್ಟಿ. ಆದ್ದರಿಂದ ತಡವಾಗುತ್ತದೆ.

3.50ಕ್ಕೆ, ಮೂರನೆಯದರ ಮುಂದೆ ‘ಪ್ರಕ್ಷೇಪ ಇಲ್ಲ’, ಅಂದರೆ ಕದಡಲಿಲ್ಲ, ಎಂದು ಬರೆಯಲು ವಿದ್ಯಾರ್ಥಿಗಳಿಗೆ ಹೇಳಿದೆ. ಸ್ಟೋರಣ್ಣ ಬಾಗಿಲಲ್ಲಿ ನಿಂತು, “ಇಲ್ಲ ಅಂತ ಯಾಕೆ ಬರೆಸ್ತೀರಿ ಮೇಷ್ಟ್ರೇ? ಬರಲ್ಲ ಅಂತಲ್ಲ, ತಡ ಅಷ್ಟೇ. ಪಾಪ, ಅದಕ್ಕೂ ಒಂದಿಷ್ಟು ಟೈಮ್ ಕೊಡಿ” ಎಂದರು. ತರಗತಿ ನಕ್ಕಿತು. ಕೂತು ಕಾಯೋಕೆ ನಾವೇನು ನಿಮ್ಮ ಹಾಗಾ ಅಣ್ಣಾ, ನಮಗೆಲ್ಲ ಮನೇಲಿ ಜನ ಇದಾರೆ ಎಂದು ನಾನು ಹೇಳಿದೆ. ತರಗತಿ ಇನ್ನೂ ಜೋರಾಗಿ ನಕ್ಕಿತು. ಅವರೂ ನಕ್ಕರು. ನನ್ನ ಮನೆಯ ವಿವರ ಮೇಲೆ ಕೊಟ್ಟಿದ್ದೇನೆ.

4.05ಕ್ಕೆ ಅವರು ವಿದ್ಯಾರ್ಥಿಗಳ ಮೂರನೆಯ ಪ್ರನಾಳಗಳಲ್ಲಿ ಒಂದನ್ನು ತಮ್ಮ ಕೋಣೆಗೆ ಒಯ್ದು, ಕರೆಂಟಿನ ಬಿಸಿನೀರಿನ ತೊಟ್ಟಿಯಲ್ಲಿ ನಿಲ್ಲಿಸಿಕೊಂಡರು. ಪ್ರತಿ ವರ್ಷ ಹಾಗೆ ಮಾಡುತ್ತಾರೆ. ಅವರ ಕೋಣೆ ಹತ್ತಡಿ ಉದ್ದ, ಒಂಬತ್ತಡಿ ಅಗಲ. ಕಿಟಕಿ ಬಣ್ಣ ಮೆತ್ತಿ ಅಂಟಿಕೊಂಡು ತೆರೆಯುವುದಿಲ್ಲ. ಮೇಜಿನ ಕೆಳಗೆ, ಬಳಸಿ ಮಿಕ್ಕ ಡೈಕ್ಲೋರೋಮೀಥೇನ್ ಸುರಿಯುವ ಜಾಡಿ ಇರುತ್ತದೆ. ಅದು 40 ಡಿಗ್ರಿಗೇ ಕುದಿಯುವ ದ್ರವ. ಅದರ ಆವಿ ಹೆಚ್ಚು ಹೊತ್ತು ಉಸಿರಾಡಿದರೆ ಪ್ರಜ್ಞೆ ತಪ್ಪಿಸುತ್ತದೆ; ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ಹನ್ನೊಂದು ವರ್ಷದ ಹಿಂದೆ ಸ್ಟೋರಣ್ಣ ಹಟ ಹಿಡಿದು ಗಾಳಿ ಹೊರದಬ್ಬುವ ಫ್ಯಾನನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ಹಾಕಿಸಿದರು. ಇಲಿಗಳಿಗೆ ಸೆಕೆಯಾಗುತ್ತಾ ಅಣ್ಣಾ ಎಂದು ಆಗ ಕೇಳಿದವನು ನಾನೇ. ಮಂಡಿನೋವಿನಿಂದಾಗಿ ಅವರು ಕೂರುವುದು ಗಿಡ್ಡ ಸ್ಟೂಲಿನ ಮೇಲೆ. ಆ ವಾಸನೆ ತಮ್ಮ ಮೂಗಿಗೆ ಎಂದೋ ಸತ್ತುಹೋಗಿದೆ ಎನ್ನುತ್ತಿದ್ದರು.

ಕೊನೆಗೆ ಹೊರಡುವವರು ಕಾರಿಡಾರಿನಲ್ಲಿರುವ ಮೇನ್ ಸ್ವಿಚ್ ಆರಿಸುವುದು ನಮ್ಮಲ್ಲಿ ರೂಢಿ. ಅದಕ್ಕೆ ಮುಂಚೆ ಪ್ರತಿ ಬಾಗಿಲಲ್ಲಿ ನಿಂತು “ಯಾರಿದ್ದೀರಿ?” ಎಂದು ಕೂಗಬೇಕು. “ನಾನೂ ಇದೀನಿ, ಮೂರನೇ ಟ್ಯೂಬೂ ಇದೆ, ನೀವು ಹೋಗಿ ಮೇಷ್ಟ್ರೇ” ಎಂದು ಅವರು ಉತ್ತರಿಸುತ್ತಿದ್ದರು. ನಿನ್ನೆ ನಾನು ಕೂಗಲಿಲ್ಲ. ಅವರ ದನಿ ಕೇಳಲು ಮನಸ್ಸಿರಲಿಲ್ಲ. ಇದ್ದಾರೆಂದು ಗೊತ್ತಿತ್ತು ಎಂದೂ ಹೇಳಲಾರೆ, ಗೊತ್ತಿರಲಿಲ್ಲ ಎಂದೂ ಹೇಳಲಾರೆ. ಸ್ವಿಚ್ ಆರಿಸಿದೆ. ಕಾರಿಡಾರಿನ ವಿದ್ಯುತ್ ಗಡಿಯಾರ 4.42ಕ್ಕೆ ನಿಂತಿತು.

ಅಲ್ಲಿಂದ ಸುಮಾರು 300 ಮೀಟರ್ ದೂರದ ಬಸ್ ನಿಲ್ದಾಣದಲ್ಲಿ ಕುಳಿತೆ. ನನ್ನ ಮನೆಗೆ ಬಸ್ ಬೇಕಿಲ್ಲ. ಎರಡು ಬಸ್ಸು ಹೋದವು. 5.36ಕ್ಕೆ ವಾಪಸು ಬಂದೆ. ಕನ್ನಡಕ ಮರೆತು ಬಂದೆನೆಂದು ನಿನ್ನೆ ವಿಚಾರಿಸಲು ಬಂದ ಪೇದೆಯವರಿಗೆ ಹೇಳಿದ್ದು ಸರಿಯಲ್ಲ. ಕನ್ನಡಕ ಜೇಬಿನಲ್ಲೇ ಇತ್ತು. ಏಕೆ ಬಂದೆ ಎಂಬುದಕ್ಕೆ, ಏನೋ ಹೇಳಬೇಕೆಂದು ಬಂದೆ, ಮಾತು ಸಿದ್ಧವಿರಲಿಲ್ಲ.

ಬಾಗಿಲು ತೆರೆದಾಗ ಸ್ಟೋರಣ್ಣ ನೆಲದ ಮೇಲೆ ಬಲ ಮಗ್ಗುಲಾಗಿ ಬಿದ್ದಿದ್ದರು. ಜಾಡಿ ಉರುಳಿ ಖಾಲಿಯಾಗಿತ್ತು. ನಿಂತಾಗ ಅಷ್ಟೇನೂ ಬಾರದ ಸಿಹಿವಾಸನೆ ಬಗ್ಗಿದ ಕೂಡಲೇ ತಲೆಗೆ ಹೊಡೆಯಿತು. ಉಸಿರು ಬಿಗಿಹಿಡಿದು ಅವರನ್ನು ಕೋಣೆಯಿಂದ ಹೊರಗೆ, ಕಾರಿಡಾರಿನಲ್ಲಿ ಇಪ್ಪತ್ತಡಿ ದೂರಕ್ಕೆ ಎಳೆದು ತಂದೆ. ಉಸಿರಾಟವಿತ್ತು. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ಸ್ಟೂಲಿನಿಂದ ಕಿಟಕಿಯ ಗಾಜು ಒಡೆದು, ಮೇನ್ ಸ್ವಿಚ್ ಹಾಕಿದೆ. ಫ್ಯಾನು ತಾನಾಗಿಯೇ ತಿರುಗತೊಡಗಿತು. ಅಂದರೆ ಅವರು ಅದನ್ನು ಆರಿಸಿರಲಿಲ್ಲ. ಇದನ್ನು ವಿಶೇಷವಾಗಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

5.58ಕ್ಕೆ ಅವರನ್ನು ಕೊಂಡೊಯ್ದರು. ನಾನು ಕೋಣೆಗೆ ಮರಳಿದೆ. ಮೇಜಿನ ಮೇಲೆ ಅವರ ನೋಟ್‌ಪುಸ್ತಕ ತೆರೆದಿತ್ತು. ಐದೈದು ನಿಮಿಷಕ್ಕೆ ನೀರಿನ ಉಷ್ಣತೆ ಬರೆದಿದ್ದರು. 4.40ರವರೆಗೆ 60. 4.45ಕ್ಕೆ 58. 4.50ಕ್ಕೆ 55, ಪಕ್ಕದಲ್ಲಿ “ಕರೆಂಟ್ ಹೋಗಿದೆ. ಇನ್ನೂ ತಡ ಆಗುತ್ತೆ. ಪರವಾಗಿಲ್ಲ.” 5.05ಕ್ಕೆ 49, ಅಕ್ಷರ ವಾಲಿದೆ. 5.10ರ ಮುಂದೆ ಏನೂ ಇಲ್ಲ. ಈ ಪುಟ ನನ್ನ ವಿರುದ್ಧ ಸಾಕ್ಷಿಯೆಂದು ತಿಳಿದೇ ಇಂದು ಒಪ್ಪಿಸಿದ್ದೇನೆ.

6.10ಕ್ಕೆ ಆ ಪ್ರನಾಳ ಬೆಳ್ಳಗೆ ಕದಡಿರುವುದನ್ನು ಕಂಡೆ. ಪುಟದ ಕೊನೆಯ ಸಾಲು, “6.10, ಬಂದಿದೆ”, ನನ್ನ ಕೈಬರಹ. ದಾಖಲೆಗೆ ಕೈ ಹಾಕಬಾರದಿತ್ತು.

ಇಂದು ಬೆಳಿಗ್ಗೆ 7.30ಕ್ಕೆ ಅವರ ಅಕ್ಕ ದೂರದೂರಿನಿಂದ ಕಾಲೇಜಿನ ಫೋನಿಗೆ ಕರೆ ಮಾಡಿದರು. “ಠಾಣೆಯವರು ಏನೇನೋ ಕೇಳ್ತಿದಾರೆ. ಒಂಟಿ ಜೀವ, ಬೇಕೂಂತಲೇ ಮಾಡ್ಕೊಂಡನಾ? ನಿಜ ಹೇಳಿ ಮೇಷ್ಟ್ರೇ” ಎಂದರು. ಇಲ್ಲ ಅಕ್ಕಾ, ಅವರು ಕಾಯ್ತಾ ಇದ್ದರು ಎಂದು ಹೇಳಿ, ಸ್ವಿಚ್ಚಿನ ವಿಷಯವನ್ನೂ ಹೇಳಿದೆ. ಆಗ ಅಕ್ಕ, ಅವನು ಕಾಯ್ತಿದ್ದದ್ದು ಕೊನೆಗೆ ಬಂತಾ ಎಂದು ಕೇಳಿದರು. ಬಂತು ಎಂದೆ.

9.15ಕ್ಕೆ ಆಸ್ಪತ್ರೆಗೆ ಹೋದೆ. ಪ್ರಜ್ಞೆ ಬಂದಿಲ್ಲ, ಈಗಲೇ ಏನೂ ಹೇಳಲಾಗದು ಎಂದರು. ಕಾವಲಿನವರು ಪುಸ್ತಕ ಮುಂದಿಟ್ಟು, ಅವರಿಗೆ ನೀವೇನಾಗಬೇಕು ಎಂದು ಕೇಳಿದರು. ಆ ಕಾಲಂ ಖಾಲಿ ಬಿಟ್ಟೆ. ಒಳಗೆ ಬಿಡಲಿಲ್ಲ.

ಸ್ಟೋರಣ್ಣನವರ ಹೇಳಿಕೆ ಪಡೆಯಲು ಒಳಗೆ ಹೋಗುವ ಅಧಿಕಾರಿಗಳು, ಪ್ರಶ್ನೆಗಳಿಗೆ ಮೊದಲು, 6.10 ಎಂದು ಅವರಿಗೆ ತಿಳಿಸಬೇಕಾಗಿ ವಿನಂತಿ.

ಮೇಲೆ ಹೇಳಿದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಕಂಡದ್ದು, ಮಾಡಿದ್ದು, ಮಾಡದೆ ಬಿಟ್ಟದ್ದು ಇಷ್ಟೇ, ಇದು ಸತ್ಯ.

ಸ್ಥಳ: ಠಾಣೆ
ದಿನಾಂಕ: 14, ಬೆಳಿಗ್ಗೆ 11.20
(ಸಹಿ)