ವಿಭೂತಿ ಒರೆಸಿ ಜೋಡಿಸಿದ ಕಣ್ಣು

"ಇಷ್ಟು ದೊಡ್ಡ ಮಷಿನ್ನಿಗೆ ಅಷ್ಟು ಸಣ್ಣ ಗಂಟು ಕಂಡೀತೇನು?"

ಕುಂದಲಹಳ್ಳಿಯ ಸ್ಕ್ಯಾನ್ ಸೆಂಟರಿನ ಬೆಂಚಿನ ಮೇಲೆ ಕೂತು ಮುತ್ತಣ್ಣ ಯಾರನ್ನೂ ನೋಡದೆ ಕೇಳಿದ. ಶ್ವಾಸಕೋಶದಲ್ಲಿ ಗಂಟಿರಬಹುದು, ಕ್ಯಾನ್ಸರೋ ಅಲ್ಲವೋ ನೋಡಬೇಕು ಎಂದು ಡಾಕ್ಟರು ಕಳಿಸಿದ್ದರು. ಉತ್ತರ ಕೊಟ್ಟವಳು ಪಕ್ಕದಲ್ಲಿದ್ದ ಹೆಂಡತಿ ಮಹಾನಂದಾ.

"ಹೆಸರುಕಾಳಿನಷ್ಟಿದ್ರೂ ಕಾಣ್ತದ. ಇಂಥಾ ಮಷಿನ್ನಿನೊಳಗ ಚಿತ್ರ ಹಿಡಿಯೋ ಕಣ್ಣು ಜೋಡಿಸೋದು ನಮ್ಮ ಫ್ಯಾಕ್ಟರಿಯೊಳಗ."

"ನೀನು ಜೋಡಿಸ್ತೀಯೇನು?"

"ಮತ್ತ? ಆರು ವರ್ಷದಿಂದ ದಿನಾ ಗೇಟಿನಾಗ ವಿಭೂತಿ ಒರೆಸಿಕೊಂಡು ಒಳಗ ಹೋಗ್ತೀನಿ. ಚೂರು ಧೂಳು ಬಿದ್ರೂ ಚಿತ್ರದಾಗ ಕಲೆ ಬೀಳ್ತದ."

ಬರಿ ಹಣೆಯಲ್ಲಿ ಮನೆಗೆ ಬರುತ್ತಾಳೆಂದು ಆರು ವರ್ಷವೂ ಗೊಣಗಿದವನು ಮುತ್ತಣ್ಣನೇ.

"ನನಗ್ಯಾಕ ಹೇಳಲಿಲ್ಲ?"

"ನೀವು ಹಣೆ ಬಗ್ಗೆ ಕೇಳಿದ್ರಿ. ಕೆಲಸದ ಬಗ್ಗೆ ಯಾವತ್ತು ಕೇಳೀರಿ?"

ಮುತ್ತಣ್ಣ ನಕ್ಕುಬಿಟ್ಟ. ಎದುರು ಕೂತಿದ್ದ ಅಪರಿಚಿತ ಹೆಂಗಸಿಗೆ, "ಕೇಳಿದ್ರೇನಕ್ಕಾ? ಇಂಥಾ ಮಷಿನ್ನಿಗೆ ಕಣ್ಣು ಕೊಡಾಕಿ ನಮ್ಮಾಕಿ!" ಎಂದು ಎದೆಯುಬ್ಬಿಸಿ ಹೇಳಿದ.

ಒಳಗಿನಿಂದ ಅವನ ಹೆಸರು ಕರೆದರು. ಎದ್ದವನು ದನಿ ತಗ್ಗಿಸಿದ.

"ರಿಪೋರ್ಟು ನೀನ ಇಸ್ಕೋ. ಕೆಟ್ಟದ್ದಿದ್ರ ನನಗ ಹೇಳಬ್ಯಾಡ."

"ಆಗೂದಿಲ್ರಿ," ಎಂದಳು ಮಹಾನಂದಾ. "ಇದ್ದದ್ದು ಇದ್ದಂಗ ಹೇಳ್ತೀನಿ. ನಡೀರಿ."