ಒಲೆಯ ಪಕ್ಕ ಇಟ್ಟ ಬೂಟು

ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ದರ್ಜಿಯೊಬ್ಬನ ಪಕ್ಕದಲ್ಲೇ ಅಕ್ಕ ತಮ್ಮನ ಜಗಳ ಹತ್ತಿಕೊಂಡಿತ್ತು. ಅಕ್ಕ ಎರಕದ ಕಾರ್ಖಾನೆಯ ಕೆಲಸದ ಬಟ್ಟೆ ತೊಟ್ಟಿದ್ದಳು. ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಬಿರುಕು ಬಿಟ್ಟ ಚರ್ಮದ ಬೂಟು.

“ಒದ್ದೆ ಬೂಟನ್ನ ಯಾರಾದ್ರೂ ಒಲೆ ಪಕ್ಕ ಇಡ್ತಾರೇನೋ? ಸುಡೋಕೆ ಅದೇನು ಗೆಣಸಾ?”

“ನಿಂಗೆ ಗೊತ್ತಾಗೋದ್ರೊಳಗೆ ಒಣಗ್ಲಿ ಅಂತ ಇಟ್ಟೆ ಅಕ್ಕಾ.”

“ಒಳಗೆ ಕಾಗದ ತುರುಕಿ ನೆರಳಲ್ಲಿಟ್ಟಿದ್ರೆ ಆಗ್ತಿತ್ತು. ಇದು ನನ್ನ ಕಾಲಿಗೆ ಹೊಂದ್ಕೊಳ್ಳೋಕೆ ವರ್ಷ ಹಿಡೀತು ಕಣೋ!”

“ಪಾಲಿಶ್ ಹಚ್ಚಿದ್ರೆ ಸರಿಹೋಗಲ್ವಾ?”

“ಸೀಳಿದ ಚರ್ಮಕ್ಕೆ ಪಾಲಿಶ್ ಅಂತೆ! ಕರಗಿದ ಕಬ್ಬಿಣ ಸಿಡಿದ್ರೆ ನೇರ ಕಾಲಿಗೇ ಇಳಿಯುತ್ತೆ. ಇದನ್ನ ನೋಡಿದ್ರೆ ಮೇಸ್ತ್ರಿ ಗೇಟಿಂದಾನೇ ವಾಪಸ್ ಅಟ್ತಾನೆ. ಅಲ್ಲಾ, ಮಳೇಲಿ ಇದನ್ನ ಮೆಟ್ಕೊಂಡು ಎಲ್ಲಿ ಮೆರೆಯೋಕೆ ಹೋಗಿದ್ದೆ?”

“ಹುಡುಗಿ ನೋಡೋಕೆ.”

“ನನ್ನ ಬೂಟಲ್ಲಾ?”

“ಕಾರ್ಖಾನೇಲಿ ಕೆಲಸ, ಬೂಟೂ ನಂದೇ ಅಂತ ಹೇಳ್ಬಿಟ್ಟೆ.”

ಬಸ್ಸು ಬಂತು. ಅಕ್ಕ ಬೂಟನ್ನು ಅವನ ಎದೆಗೊತ್ತಿದಳು.

“ಹತ್ತು. ಮೇಸ್ತ್ರಿ ಮುಂದೇನೂ ಹಾಗೇ ಹೇಳು. ಬೂಟು ನಂದೇ, ಸುಟ್ಟೋನೂ ನಾನೇ ಅಂತ.”

ತಮ್ಮನು ಬೂಟನ್ನು ಕೂಸಿನಂತೆ ಅವುಚಿಕೊಂಡು ಬಸ್ಸು ಹತ್ತಿದ, ಹಿಂದೆಯೇ ಅಕ್ಕನೂ ಹತ್ತಿದಳು. ಮುಂದಿನ ಜಗಳ ಕೇಳೋಣವೆಂದರೆ ಅದು ತನ್ನ ಬಸ್ಸಲ್ಲವಲ್ಲ ಎಂದು ದರ್ಜಿಗೆ ಬೇಸರವಾಯಿತು.