ನಾಲ್ಕು ಕಂಬದ ಮನೆಯ ಗೋಡೆ

ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರನ್ನು ಹುಡುಕಿಕೊಂಡು ಅವರ ಅಣ್ಣನ ಮಗಳು ಬಂದಳು.

“ಚಿಕ್ಕಪ್ಪ, ಹಜಾರದ ಗೋಡೆ ಒಡೆಸೋಣ ಅಂತಿದೀವಿ.”

“ಪಾಲಾದಾಗ ಕಟ್ಟಿದ್ದಲ್ವೇನಮ್ಮ ಅದು? ಎರಡು ಕಂಬ ನಿಮಗೆ, ಎರಡು ನಮಗೆ.”

“ಮುತ್ತಜ್ಜ ನಾಲ್ಕೂ ಒಂದೇ ಮನೆಗೆ ತಾನೇ ನಿಲ್ಲಿಸಿದ್ದು?”

“ಹೌದು. ನೂರು ವರ್ಷದ ಹಿಂದೆ, ಅರಮನೆ ಥರಾನೇ ಇರ್ಬೇಕು ಅಂತ ಹಟ ಹಿಡಿದು ಕಟ್ಟಿಸಿದ್ರು. ನಾವಿಬ್ರೂ ಆ ಹಜಾರದಲ್ಲೇ ಸೈಕಲ್ ಕಲಿತಿದ್ದು.”

“ಅಪ್ಪನೂ ಅದನ್ನೇ ಹೇಳ್ತಿರ್ತಾರೆ.”

“ಮಾತು ಬಿಟ್ಟವನು ನನ್ನ ಸುದ್ದಿ ಎತ್ತುತ್ತಾನಾ?”

“ಗೋಡೆಯಾಚೆ ನೀವು ಕೆಮ್ಮಿದ್ರೆ ಅವರಿಗೆ ನಿದ್ದೆ ಹತ್ತಲ್ಲ. ಈಗ ನನ್ನ ಕಳಿಸಿದ್ದೂ ಅವರೇ. ಹೊರಗೆ ಕಾರಲ್ಲಿ ಕೂತಿದ್ದಾರೆ, ಒಳಗೆ ಬರೋಕೆ ಸಂಕೋಚ.”

ಅಷ್ಟರಲ್ಲಿ ಕಾಂಪೌಂಡರ್ ಹಿರಿಯರ ಹೆಸರು ಕೂಗಿದ.

“ಮುಂದಿನವರನ್ನ ಕಳಿಸಪ್ಪ,” ಎನ್ನುತ್ತಾ ಅವರು ಹೊರಬಾಗಿಲ ಕಡೆ ನಡೆದರು.